ಮೂರನೆಯ ದಿನದ ಸೌತೆಕಾಯಿ

ಲುತ್ಸಿನಾ ಗ್ರೊಮೆಕ್ ತನ್ನ ಆಯುಷ್ಯದ ಇಪ್ಪತ್ತೊಂದು ವರ್ಷಗಳನ್ನು ಹಾಲು ಹೇಗೆ ಹುಳಿಯಾಗುತ್ತದೆ ಎಂದು ನೋಡುವುದರಲ್ಲಿಯೇ ಕಳೆದಿದ್ದಳು. ನರೆವ್ ನದಿಯ ದಂಡೆಯ ಒಗ್ರೊದ್ನಿಕಿ ಅವಳ ಊರು. ಪ್ರತಿದಿನ ಬೆಳಗಿನ ಬಸ್ಸು ಹಿಡಿದು ಪೇಟೆಯ ಹಾಲು ಸಹಕಾರ ಸಂಘದ ಪ್ರಯೋಗಾಲಯಕ್ಕೆ ಹೋಗುವಳು. ಬಿಳಿಯ ಕೋಟು ತೊಟ್ಟು ನೂರಾರು ಸೀಸೆಗಳ ಹುಳಿಯನ್ನು ಅಳೆದು, ಅಂಕಿಗಳನ್ನು ಬರೆದಿಟ್ಟು, ಸಂಜೆಯ ಬಸ್ಸಿಗೆ ಹಿಂದಿರುಗುವಳು. ಅವಳ ಕೈಚೀಲದಲ್ಲಿ ಕರವಸ್ತ್ರ ಇಲ್ಲದ ದಿನ ಇದ್ದೀತು, ಉಷ್ಣಮಾಪಕ ಇಲ್ಲದ ದಿನ ಇರಲಿಲ್ಲ.

“ಸಾರಿಗೂ ಅದ್ದುತಾಳೆ, ಸ್ನಾನದ ನೀರಿಗೂ ಅದ್ದುತಾಳೆ. ನಾನು ಸತ್ತೆ ಅಂತ ಪಾದ್ರಿಗಳೇ ಬಂದು ಹೇಳಿದ್ರೂ ಇವಳು ನಂಬೋಳಲ್ಲ, ನಂಗೂ ಒಂದ್ಸಲ ಅದ್ದಿ ನೋಡೇ ಅಳೋದು,” ಎಂದು ಅವಳ ತಂದೆ ತೆಯೊಫಿಲ್ ಊರವರೆದುರು ಹೇಳಿಕೊಂಡು ನಗುತ್ತಿದ್ದ. ಆ ನಗೆಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ತೆಯೊಫಿಲ್‌ನದೂ ಹುಳಿಯದೇ ವೃತ್ತಿ. ಅವನು ಸೌತೆಕಾಯಿಯನ್ನು ಉಪ್ಪುನೀರಿನಲ್ಲಿ ಹುಳಿ ಬರಿಸುವವನು. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಓಕ್ ಮರದ ಪೀಪಾಯಿ, ಹೂಬಿಟ್ಟ ಸಬ್ಬಸಿಗೆಯ ಕಡ್ಡಿ, ಬೆಳ್ಳುಳ್ಳಿ, ಮೂಲಂಗಿಯ ಬಳಗದ ಒಂದು ಘಾಟುಬೇರು, ಮೇಲೊಂದು ಹಿಡಿ ಚೆರ್ರಿ ಎಲೆ. ಚಳಿಗಾಲ ಬರುವ ಮುಂಚೆ ಪೀಪಾಯಿಗಳನ್ನು ಬಿಗಿಯಾಗಿ ಮುಚ್ಚಿ ನದಿಯಲ್ಲಿ ಮುಳುಗಿಸಿಡುವುದು. ಮೇಲೆ ಹಿಮ ಹೆಪ್ಪುಗಟ್ಟಿದರೂ ತಳದ ನೀರು ಕೆಡದಂತೆ ಕಾಯುತ್ತದೆ. ಇಷ್ಟರ ಹಿಂದಿನ ವಿಜ್ಞಾನವನ್ನು ಮಗಳು ವಿವರಿಸಬಲ್ಲಳು. ಆದರೆ ಹುಣ್ಣಿಮೆಯ ದಿನ ಪೀಪಾಯಿ ತುಂಬಿದರೆ ಕಾಯಿ ಟೊಳ್ಳಾಗುತ್ತದೆ ಎಂದು ತಂದೆ ಹೇಳಿದಾಗ ಮಾತ್ರ ಅವಳು ಒಪ್ಪಲಿಲ್ಲ. ಮೂರು ಬೇಸಿಗೆ, ಪ್ರತಿ ಹುಣ್ಣಿಮೆಗೂ ಪ್ರತಿ ಅಮಾವಾಸ್ಯೆಗೂ ಒಂದೊಂದು ಪೀಪಾಯಿ ತುಂಬಿ, ಟೊಳ್ಳುಕಾಯಿಗಳನ್ನು ಎಣಿಸಿ, ನೋಟುಬುಕ್ಕಿನಲ್ಲಿ ಬರೆದು ತಂದೆಯ ಮುಂದೆ ಹಿಡಿದಳು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಲೆಕ್ಕ.

ತೆಯೊಫಿಲ್ ಕನ್ನಡಕ ಏರಿಸಿ ಪುಟವನ್ನು ಕೊನೆಯವರೆಗೂ ಓದಿದ. “ಸರಿ. ತನ್ನನ್ನ ಪರೀಕ್ಷೆ ಮಾಡ್ತಿದಾರೆ ಅಂತ ಚಂದ್ರಂಗೆ ಗೊತ್ತಾಗ್ಬಿಟ್ಟಿರತ್ತೆ. ಅದಕ್ಕೇ ಹುಷಾರಾಗಿ ನಡ್ಕೊಂಡಿದಾನೆ,” ಎಂದ.

ಅವಳಿಗೆ ನಲವತ್ತಾರು ತುಂಬಿದ ವರ್ಷ ತಂದೆಯ ಮೊಣಕಾಲುಗಳು ಮುಷ್ಕರ ಹೂಡಿದವು. ಪಕ್ಕದ ಪಟ್ಟಣದ ವಿನೆಗರ್ ಉಪ್ಪಿನಕಾಯಿ ಕಾರ್ಖಾನೆಯವರು ಬಂದು, ಪೀಪಾಯಿಗಳನ್ನೂ ನದಿಯ ದಂಡೆಯ ಶೆಡ್ಡನ್ನೂ ಕೊಳ್ಳುವುದಾಗಿ ಹೇಳಿ ಹೋದರು. ಪೀಪಾಯಿಗಳು ಅವರಿಗೆ ಬೇಕಿದ್ದದ್ದು ಹೂಕುಂಡ ಮಾಡಿ ಕಾರ್ಖಾನೆಯ ಬಾಗಿಲಲ್ಲಿ ಇಡುವುದಕ್ಕೆ. ಅದನ್ನು ಕೇಳಿದ ಮಾರನೆಯ ದಿನವೇ ಲುತ್ಸಿನಾ ಸಹಕಾರ ಸಂಘದಲ್ಲಿ ಒಂದು ವರ್ಷದ ಸಂಬಳವಿಲ್ಲದ ರಜೆಗೆ ಅರ್ಜಿ ಹಾಕಿದಳು. ರಜೆ ಮಂಜೂರಾಯಿತು, ಆಗಸ್ಟ್ ಮೂವತ್ತೊಂದರೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಬರೆದು ತಿಳಿಸಬೇಕು, ತಪ್ಪಿದರೆ ಜಾಗ ಬೇರೆಯವರಿಗೆ. ತಂದೆ ಮಗಳ ನಡುವೆಯೂ ಒಂದು ಒಪ್ಪಂದವಾಯಿತು. ಅಷ್ಟರೊಳಗೆ ಊರಿನ ಸಂತೆಯಾಚೆಗಿನ ಒಬ್ಬ ಗಟ್ಟಿ ಗಿರಾಕಿ ಸಿಕ್ಕರೆ ಪೀಪಾಯಿಗಳು ಉಳಿದವು. ಸಿಗದಿದ್ದರೆ ಅವು ಹೂಕುಂಡ, ಅವಳು ಮತ್ತೆ ಬೆಳಗಿನ ಬಸ್ಸು.

ಗಿರಾಕಿಯನ್ನು ಹುಡುಕುವ ಕೆಲಸಕ್ಕೆ ಅವಳು ಹಿಡಿದದ್ದು ಪಾನ್ ವಿತೊಲ್ದ್ ಶಾನಿಯೆತ್ಸ್ಕಿ ಎಂಬವರನ್ನು. ಆ ನಾಡಿನಲ್ಲಿ ಗೌರವಕ್ಕೆ ಗಂಡಸರನ್ನು ಪಾನ್ ಎಂದೂ ಹೆಂಗಸರನ್ನು ಪಾನಿ ಎಂದೂ ಕರೆಯುತ್ತಾರೆ. ಒಂದು ಕಾಲಕ್ಕೆ ಅವರು ಭೂಗೋಳದ ಮೇಷ್ಟ್ರು. ಹಳೆಯ ಕಮ್ಯುನಿಸ್ಟ್ ವ್ಯವಸ್ಥೆ ಕುಸಿದು, ದೇಶಕ್ಕೆ ದೇಶವೇ ಬೀದಿಯಲ್ಲಿ ಮಡಚುಮಂಚ ಹಾಕಿ ಅದರ ಮೇಲೆ ಸಿಕ್ಕಿದ್ದನ್ನು ಹರಡಿ ಮಾರಲು ನಿಂತಿತಲ್ಲ, ಆಗ ಅವರೂ ಒಂದು ಮಂಚದ ಮೇಲೆ ಬ್ಯಾಟರಿ, ಕಾಲುಚೀಲ ಹರಡಿಕೊಂಡು ನಿಂತರು. ಈಗ ಜಾಮು, ಒಣಗಿಸಿದ ಅಣಬೆ, ಜೇನುಗಳನ್ನು ಸಮುದ್ರದಾಚೆಯ ದೇಶಗಳಿಗೆ ಕಳಿಸುತ್ತಾರೆ. ಕಂಪನಿಯೆಂದರೆ ಅವರು ಮತ್ತು ಒಂದು ಮುದ್ರಣಯಂತ್ರ. ಆದರೂ ಎಲ್ಲರೂ ಕರೆಯುವುದು ‘ಅಧ್ಯಕ್ಷರೇ’ ಎಂದೇ. ಆ ಮಡಚುಮಂಚವನ್ನು ಅವರು ಇನ್ನೂ ಎಸೆದಿಲ್ಲ. ಮುಖ್ಯರಾದ ಅತಿಥಿಗಳನ್ನು ಅದರ ಮೇಲೆಯೇ ಕೂರಿಸುತ್ತಾರೆ.

ಜುಲೈ ತಿಂಗಳಲ್ಲಿ ಅವರು ಸ್ಟಾಕ್‌ಹೋಮಿನಿಂದ ಗುನ್ವೊರ್ ಎಕ್‌ಮಾನ್ ಎಂಬ ಹೆಂಗಸನ್ನು ಒಗ್ರೊದ್ನಿಕಿಗೆ ಕರೆತಂದರು. ಅರವತ್ತರ ಆಸುಪಾಸು, ಎತ್ತರದ ನಿಲುವು, ಬೇಕಾದಷ್ಟೇ ಮಾತು. ಆ ನಗರದಲ್ಲಿ ಆಕೆಗೆ ತಿಂಡಿತಿನಿಸುಗಳ ಮೂರು ಅಂಗಡಿಗಳಿದ್ದವು. ಬಂದವರೇ ಬಾಗಿಲಾಚೆ ನಿಂತು ಒಳಗಿದ್ದ ತೆಯೊಫಿಲ್‌ನ ಕಡೆ ಕೈ ಚಾಚಿದರು. ಮುದುಕ ಕಾದ ಕಬ್ಬಿಣ ಕಂಡವನಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಹೊಸಿಲ ಮೇಲೆ ಕೈ ಕುಲುಕೋದುಂಟಾ! ಜಗಳ ಬರತ್ತೆ. ಒಳಗೆ ಬನ್ನಿ ಮೊದ್ಲು, ಒಳಗೆ!”

“ಅಪ್ಪಾ, ಅವರಿಗೇನು ಗೊತ್ತು ಪಾಪ,” ಎಂದಳು ಲುತ್ಸಿನಾ.

“ಗೊತ್ತಿಲ್ದೆ ಇದ್ರೆ ಜಗಳ ಬರಲ್ವಾ?”

ಪಾನ್ ವಿತೊಲ್ದ್ ಅದನ್ನು ಅನುವಾದಿಸಿದರು. ಗುನ್ವೊರ್ ಗಂಭೀರವಾಗಿ ತಲೆಯಾಡಿಸಿ ಒಳಗೆ ಬಂದು ಮತ್ತೆ ಕೈ ಚಾಚಿದರು. ಮೇಜಿನ ಮೇಲೆ ಬೆಣ್ಣೆ, ಸಬ್ಬಸಿಗೆ ಹಾಕಿದ ಎಳೆ ಆಲೂಗಡ್ಡೆ, ತಣ್ಣನೆಯ ಮಜ್ಜಿಗೆ. ನಡುವೆ ಮಣ್ಣಿನ ಬಾನಿಯಲ್ಲಿ ಮೂರು ದಿನದ ಹಿಂದೆ ಉಪ್ಪುನೀರಿಗೆ ಬಿದ್ದ ಸೌತೆಕಾಯಿ. ಜುಲೈಯಲ್ಲಿ ಯಾರ ಮನೆಯಲ್ಲಾದರೂ ಇರುವುದೇ ಅದು: ಹೊರಗೆ ಇನ್ನೂ ಹಸಿರು, ಒಳಗೆ ಇನ್ನೂ ಗರಿಗರಿ, ಹುಳಿ ಬಂತೋ ಇಲ್ಲವೋ ಎನ್ನುವಷ್ಟು. ಅರೆಹುಳಿ ಕಾಯಿ. ಗುನ್ವೊರ್ ಒಂದು ಕಚ್ಚಿದರು. ಇನ್ನೊಂದಕ್ಕೆ ಕೈ ಹಾಕಿದರು. ತೆಯೊಫಿಲ್ ತಟ್ಟೆಯಂಚಿನ ತೊಟ್ಟುಗಳನ್ನು ಕಣ್ಣಲ್ಲೇ ಎಣಿಸುತ್ತಿದ್ದ.

“ಹನ್ನೊಂದು,” ಎಂದು ಮಗಳ ಕಿವಿಯಲ್ಲಿ ಪಿಸುಗುಟ್ಟಿದ. “ನಿನ್ನ ಸೋದರತ್ತೆ ದಾಖಲೆ ಒಂಬತ್ತು.”

ಗುನ್ವೊರ್ ತುಟಿ ಒರೆಸಿಕೊಂಡು ಹೇಳಿದ್ದನ್ನು ಪಾನ್ ವಿತೊಲ್ದ್ ಹೀಗೆ ತಿಳಿಸಿದರು: “ಇದೇ ಬೇಕಂತೆ. ಬೇರೆ ಏನೂ ಬೇಡ. ಇದೇ ಕಾಯಿ, ಇದೇ ರುಚಿ. ಮೊದಲು ನಲವತ್ತೆಂಟು ಡಬ್ಬಿ ಕಳಿಸಿ, ನೋಡ್ತಾರೆ. ಹಿಡಿಸಿದ್ರೆ ವರ್ಷಪೂರ್ತಿ.”

ಸಾಗಣೆಯ ಕಾಗದದಲ್ಲಿ ಲುತ್ಸಿನಾ ತೂಕ ಬರೆದಳು, ಉಪ್ಪಿನ ಪ್ರಮಾಣ ಬರೆದಳು, ಸೂಕ್ಷ್ಮಜೀವಿಗಳ ಪರೀಕ್ಷೆಯ ವರದಿಯನ್ನು ಲಗತ್ತಿಸಿದಳು. ಅನಿಲ ಹೊರಹೋಗಲು ಕಿಂಡಿಯಿರುವ ಮುಚ್ಚಳಗಳನ್ನೇ ಆರಿಸಿ ತಂದಳು. ಹತ್ತಾರು ಜನರ ಸಾಮಾನಿನ ಜೊತೆ ಸೇರಿ ಹೋಗುವ ಲಾರಿಯಲ್ಲಿ ಡಬ್ಬಿಗಳು ಹೊರಟವು. ಒಂದು ಗೋದಾಮಿನಲ್ಲಿ ಮೂರು ದಿನ, ಇನ್ನೊಂದರಲ್ಲಿ ಎರಡು ದಿನ ಕೂತೆದ್ದು, ಒಂಬತ್ತನೆಯ ದಿನ ಸ್ಟಾಕ್‌ಹೋಮ್ ಮುಟ್ಟಿದವು. ಹತ್ತನೆಯ ದಿನ ಪಾನ್ ವಿತೊಲ್ದ್ ಕಾರಿನಲ್ಲಿ ಬಂದು, ಅಡುಗೆಮನೆಯಲ್ಲಿ ಕೂತು, ಚಹಾದ ಲೋಟವನ್ನು ಮುಟ್ಟದೆ ಗುನ್ವೊರ್ ಅವರ ಪತ್ರವನ್ನು ಓದಿ ಹೇಳಿದರು.

“ನಾನು ತಿಂದ ಕಾಯಿ ಇದಲ್ಲ. ಬಣ್ಣ ಬೇರೆ, ರುಚಿ ಬೇರೆ. ತೋರಿಸಿದ್ದು ಒಂದು ಮಾಲು, ಕಳಿಸಿದ್ದು ಇನ್ನೊಂದು ಮಾಲು ಎಂದು ನಾನು ಭಾವಿಸಬೇಕಾಗಿದೆ.”

ತೆಯೊಫಿಲ್ ಮೊದಲು ನಕ್ಕುಬಿಟ್ಟ. “ಒಂಬತ್ತು ದಿನಕ್ಕೆ ಹುಳಿ ಬರ್ದೆ ಇನ್ನೇನು ಬರತ್ತೆ? ಮಗು ಬೆಳೆಯಲ್ವಾ? ಬೆಳೆದ ಮಗೂನ ನೋಡಿ ‘ಇದು ನಾನು ತೊಟ್ಟಿಲಲ್ಲಿ ನೋಡಿದ್ದಲ್ಲ’ ಅಂದ್ರೆ...” ಮಾತು ಅರ್ಧಕ್ಕೆ ನಿಂತಿತು. ಪತ್ರದ ಕೊನೆಯ ಸಾಲು ಈಗ ಅವನ ಕಿವಿಯಿಂದ ಎದೆಗೆ ಇಳಿದಿತ್ತು. “ಏನಂದ್ಲು? ಬೇರೆ ಮಾಲು ಕಳಿಸಿದೀವಂತಾ? ನಾನು? ಗ್ರೊಮೆಕ್?”

ಲುತ್ಸಿನಾ ಎದ್ದು ಹೋಗಿ ತಾನು ಕಳಿಸಿದ ಕಾಗದಗಳ ಪ್ರತಿಗಳನ್ನು ತಂದು ಮೊದಲಿನಿಂದ ಓದಿದಳು. ಉಪ್ಪು ಇತ್ತು, ತೂಕ ಇತ್ತು, ಜೀವಿಗಳ ಸಂಖ್ಯೆ ಇತ್ತು. ದಿನ ಎಲ್ಲಿಯೂ ಇರಲಿಲ್ಲ. ಮೂರನೆಯ ದಿನದ ಕಾಯಿ ಒಂಬತ್ತನೆಯ ದಿನ ಮೂರನೆಯ ದಿನದ್ದಾಗಿ ಉಳಿಯುವುದಿಲ್ಲ ಎಂಬುದನ್ನು ಅವಳು ಬರೆದಿರಲಿಲ್ಲ. ಅವಳು ಮಾತ್ರವಲ್ಲ, ಈ ದೇಶದಲ್ಲಿ ಯಾರೂ ಎಂದೂ ಬರೆದಿರಲಾರರು. ಜುಲೈಯ ಬಾನಿ ಆಗಸ್ಟಿಗೆ ಹುಳಿಯಾಗುತ್ತದೆ ಎಂದು ಇಲ್ಲಿ ಯಾರಿಗೆ ಯಾರು ಹೇಳಬೇಕು? ಬೆಕ್ಕಿಗೆ ಬಾಲ ಇದೆ ಎಂದು ಯಾರಾದರೂ ಬರೆದು ಕೊಡುತ್ತಾರೆಯೇ? ಎಲ್ಲರಿಗೂ ಗೊತ್ತಿರುವುದೇ ಕಾಗದಕ್ಕೆ ಬರದೆ ಉಳಿಯುವುದು. ಅವಳ ಇಪ್ಪತ್ತೊಂದು ವರ್ಷಗಳ ಪ್ರಯೋಗಾಲಯದಲ್ಲಿ ಸೀಸೆಯ ಮೇಲೆ ಮೊದಲು ಬೀಳುತ್ತಿದ್ದದ್ದು ದಿನಾಂಕ. ಮನೆಯ ಬಾನಿಗೆ ಅದು ಬೇಕೆಂದು ತೋಚಿರಲಿಲ್ಲ.

“ತಪ್ಪು ನಂದೇ,” ಎಂದಳು. “ಅವರು ಸುಳ್ಳು ಹೇಳ್ತಿಲ್ಲ. ನಾವೂ ಸುಳ್ಳು ಹೇಳಿಲ್ಲ.”

“ಪಾನಿ ಲುತ್ಸಿನಾ, ಒಂದು ಮಾತು ಹೇಳ್ತೀನಿ ಕೇಳಿ,” ಎಂದರು ಪಾನ್ ವಿತೊಲ್ದ್. “ಪರದೇಶದ ವ್ಯಾಪಾರದಲ್ಲಿ ಯಾರೂ ಮಾಲು ಕೊಳ್ಳೋದಿಲ್ಲ. ಅದೇ ಮಾಲು ಇನ್ನೊಂದು ಸಲ ಬರತ್ತೆ ಅನ್ನೋ ಭರವಸೇನ ಕೊಳ್ತಾರೆ.”

“ಅದೇ ಇನ್ನೊಂದು ಸಲ ಬರಲ್ಲ ಅಧ್ಯಕ್ಷರೇ. ಇದು ಬದುಕಿರೋ ಮಾಲು.”

“ಹಾಗಾದ್ರೆ ಕುದಿಸಿ ಸಾಯಿಸಿ ಕಳಿಸಿ. ಎಲ್ಲಾ ಕಾರ್ಖಾನೆಯವರೂ ಅದನ್ನೇ ಮಾಡೋದು.”

“ನಮ್ಮನೇಲಿ ಹೆಣ ಮಾರಲ್ಲ,” ಎಂದ ತೆಯೊಫಿಲ್. ಚರ್ಚೆ ಅಲ್ಲಿಗೆ ಮುಗಿಯಿತು.

ಆ ವಾರವೆಲ್ಲ ಲುತ್ಸಿನಾ ನೋಟುಬುಕ್ಕಿನೊಂದಿಗೆ ಕೂತಳು. ಹಾಲನ್ನು ಮೊಸರು ಮಾಡುವ ಜೀವಿಗಳ ದಾಯಾದಿಗಳೇ ಸೌತೆಕಾಯಿಯನ್ನೂ ಹುಳಿ ಮಾಡುವವರು. ಅವರ ಸ್ವಭಾವ ಅವಳಿಗೆ ನೆಂಟರ ಸ್ವಭಾವದಷ್ಟೇ ಪರಿಚಿತ. ಬಿಸಿಯಾದರೆ ಧಾವಂತ, ತಣ್ಣಗಾದರೆ ಸೋಮಾರಿತನ. ಹದಿನೇಳು ಡಿಗ್ರಿಯಲ್ಲಿ ಬಿಟ್ಟರೆ ಸರಿಯಾಗಿ ಮೂರನೆಯ ದಿನ ಅರೆಹುಳಿ. ಕಾಯಿಯನ್ನು ಮನೆಯಲ್ಲಿ ಹುಳಿ ಬರಿಸಿ ಆಮೇಲೆ ಕಳಿಸುವುದೇಕೆ? ಅದು ದಾರಿಯಲ್ಲೇ ಹುಳಿ ಬರಲಿ. ಲಾರಿಯೇ ನೆಲಮಾಳಿಗೆಯಾಗಲಿ. ಸೋಮವಾರ ತುಂಬಿದ್ದು ಗುರುವಾರ ಬೆಳಿಗ್ಗೆ ಸ್ಟಾಕ್‌ಹೋಮಿನ ಅಂಗಡಿಯಲ್ಲಿ ಕಣ್ಣು ಬಿಟ್ಟರೆ ಆಯಿತು.

ಹದಿನೇಳು ಡಿಗ್ರಿಯಲ್ಲಿ ಓಡುವ ಲಾರಿಯನ್ನು ಪಾನ್ ವಿತೊಲ್ದ್ ಎರಡೇ ದಿನದಲ್ಲಿ ಹುಡುಕಿದರು. ಅದರಲ್ಲಿ ಹೋಗುತ್ತಿದ್ದದ್ದು ಮುಖದ ಕ್ರೀಮು, ತುಟಿಗೆ ಹಚ್ಚುವ ಬಣ್ಣ. ಸೆಕೆಗೆ ಕರಗದಂತೆ, ಚಳಿಗೆ ಒಡೆಯದಂತೆ ಅವನ್ನು ಆ ಒಂದೇ ಶಾಖದಲ್ಲಿ ಇಡಬೇಕು. ಲಾರಿಯ ಮೂಲೆಯಲ್ಲಿ ಒಂದಿಷ್ಟು ಜಾಗ ಖಾಲಿಯಿತ್ತು. ಪತ್ರ ಬರೆದು, ತಪ್ಪನ್ನು ಒಪ್ಪಿಕೊಂಡು, ಕಾಯಿಯ ಗುಣವನ್ನು ವಿವರಿಸಿ ಲುತ್ಸಿನಾ ಇನ್ನೊಂದು ಅವಕಾಶ ಕೇಳಿದಳು. ಗುನ್ವೊರ್ ಅವರ ಉತ್ತರ ಎರಡೇ ಸಾಲು: ಇನ್ನೊಂದು ಸಲ ನೋಡುತ್ತೇನೆ. ಅದು ಕೊನೆಯ ಸಲ.

ಆಗಸ್ಟ್ ಮೂರನೆಯ ವಾರದ ಸೋಮವಾರ ಮಧ್ಯಾಹ್ನ ನಲವತ್ತೆಂಟು ಡಬ್ಬಿಗಳನ್ನು ತುಂಬಿದರು. ಮಂಗಳವಾರ ಬೆಳಿಗ್ಗೆ ಲಾರಿ ಬಂತು. ಲುತ್ಸಿನಾ ತಾನೂ ಹತ್ತಿದಳು. ಕೈಚೀಲದಲ್ಲಿ ಉಷ್ಣಮಾಪಕ, ನೋಟುಬುಕ್ಕು. ಕಾಲಬಳಿ, ಹೋಲಿಸಿ ನೋಡಲೆಂದು ಹಿಂದಿನ ಸೋಮವಾರ ತುಂಬಿದ್ದ ಒಂದು ಸೀಸೆ. ಲಾರಿಯ ಚಾಲಕ ಅಲೊಯ್ಜಿ ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ. ಹೆಂಗಸರಿಗೆಲ್ಲ ಒಂದು ಹುದ್ದೆ ಕೊಟ್ಟೇ ಮಾತಾಡಿಸುವವನು.

“ಡೈರೆಕ್ಟರಮ್ಮಾ, ಬೆಳ್ಳುಳ್ಳಿ ವಾಸ್ನೆ ಬರ್ತಾ ಇದೆ. ನಾಳೆ ಸ್ವೀಡನ್ ಹೆಂಗಸರು ತುಟಿಗೆ ಬಣ್ಣ ಹಚ್ಕೊಂಡು ಮುತ್ತು ಕೊಡೋಕೆ ಹೋದ್ರೆ ಗಂಡಸರು ರೊಟ್ಟಿ ತಗೊಂಡು ಬರ್ತಾರೆ!”

“ಬಂದ್ರೆ ಒಳ್ಳೇದೇ. ಅದಕ್ಕೂ ನಾವೇ ಆರ್ಡರ್ ತಗೊಳೋಣ.”

“ಈ ಕ್ರೀಮು ನೋಡಿ, ಎಲ್ಲಾ ವಾರ್ಸಾ ಪಕ್ಕದಲ್ಲೇ ಮಾಡೋದು. ಪೆಟ್ಟಿಗೆ ಮೇಲೆ ಮಾತ್ರ ಫ್ರಾನ್ಸ್ ಹೆಸರು. ಹದಿನೆಂಟು ವರ್ಷದಿಂದ ನಾನು ನಮ್ಮ ಸಾಮಾನಿಗೆ ಪರದೇಶದ ಟೋಪಿ ಹಾಕ್ಕೊಂಡು ಹೋಗ್ತಾ ಇದೀನಿ. ನಿಮ್ಮ ಡಬ್ಬಿ ಮೇಲೆ ಯಾರ ಹೆಸರು?”

“ಗ್ರೊಮೆಕ್.”

“ಯಾರದು?”

“ನಮ್ಮಪ್ಪ.”

ಅಲೊಯ್ಜಿ ವೇಗ ತಗ್ಗಿಸಿ, “ಹಾಗಾದ್ರೆ ತಿರುವಿನಲ್ಲಿ ನಿಧಾನಕ್ಕೇ ಹೋಗ್ತೀನಿ,” ಎಂದ.

ಅವರು ಗ್ದಾನ್‌ಸ್ಕ್ ಬಂದರು ಮುಟ್ಟಿದಾಗ ಗಾಳಿ ಬೀಸುತ್ತಿತ್ತು. ಸಂಜೆಯ ಹಡಗು ಹೊರಡುವುದಿಲ್ಲವೆಂದು ಫಲಕ ಹೇಳಿತು. ಬುಧವಾರವೂ ಗಾಳಿ ನಿಲ್ಲಲಿಲ್ಲ. ಹಡಗಿಗೆ ಕಾದ ಲಾರಿಗಳು ಡಾಂಬರಿನ ಮೇಲೆ ಸಾಲುಗಟ್ಟಿದವು. ಲುತ್ಸಿನಾ ಚಾಲಕರ ವಸತಿಯಲ್ಲಿ ಒಂದು ಕೋಣೆ ಹಿಡಿದಳು. ಲಾರಿಯ ಪೆಟ್ಟಿಗೆಯೊಳಗಿನ ಶಾಖವನ್ನು ಇಳಿಸಿ ಕಾಯಿಯನ್ನು ನಿಧಾನಗೊಳಿಸುವಂತಿರಲಿಲ್ಲ. ಒಂದು ಯಂತ್ರ ಗಂಟೆಗಂಟೆಗೂ ಶಾಖವನ್ನು ಕಾಗದದ ಪಟ್ಟಿಯ ಮೇಲೆ ಬರೆಯುತ್ತಿತ್ತು, ಕ್ರೀಮಿನವರು ಮೊದಲು ಕೇಳುವುದೇ ಆ ಪಟ್ಟಿಯನ್ನು. ಅಲೊಯ್ಜಿ ಅವಳ ಮುಖ ನೋಡಿ, ಕೈ ಎರಡನ್ನೂ ಅಗಲಿಸಿ, “ಹದಿನೇಳು ಅಂದ್ರೆ ಹದಿನೇಳೇ ಡೈರೆಕ್ಟರಮ್ಮಾ. ಇಲ್ದಿದ್ರೆ ನನ್ನನ್ನೇ ಕ್ರೀಮು ಮಾಡ್ತಾರೆ,” ಎಂದ. ಅವಳು ಸುಮ್ಮನೆ ಕೂರಲಾಗದೆ ಪೇಟೆಗೆ ಹೋಗಿ, ಎಳೆ ಸೌತೆಕಾಯಿ, ಸಬ್ಬಸಿಗೆ, ಉಪ್ಪು ತಂದು ಕೋಣೆಯಲ್ಲೇ ಒಂದು ಹೊಸ ಸೀಸೆ ತುಂಬಿದಳು. ಯಾತಕ್ಕೆಂದು ಅವಳಿಗೂ ಸ್ಪಷ್ಟವಿರಲಿಲ್ಲ. ದುಗುಡವಾದಾಗ ಕೆಲವರು ಜಪಮಾಲೆ ಹಿಡಿಯುತ್ತಾರೆ; ಅವಳು ಮಾದರಿ ತೆಗೆದಿಡುತ್ತಾಳೆ.

ಗುರುವಾರ ಗಾಳಿ ಇಳಿಯಿತು. ಸಂಜೆಯ ಹಡಗಿನಲ್ಲಿ ಜಾಗ ಸಿಕ್ಕಿದೆ ಎಂದು ಅಲೊಯ್ಜಿ ಬಂದು ಹೇಳಿದ. ಮಧ್ಯಾಹ್ನ ಅವಳು ಒಂದು ಡಬ್ಬಿಯನ್ನು ತೆರೆದು ಕಾಯಿ ಕಚ್ಚಿದಳು. ಹೊರಗೆ ಹಸಿರು, ಒಳಗೆ ಗರಿಗರಿ, ಹುಳಿ ಬಂತೋ ಇಲ್ಲವೋ ಎನ್ನುವಷ್ಟು. ಲೆಕ್ಕ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸ್ಟಾಕ್‌ಹೋಮಿನ ಅಂಗಡಿಯಲ್ಲಿ ಇರಬೇಕಾಗಿದ್ದ ಆ ರುಚಿ ಬಂದರಿನ ಡಾಂಬರಿನ ಮೇಲೆ, ಟಯರುಗಳ ನಡುವೆ, ಸಂಪೂರ್ಣವಾಗಿ ಅರಳಿ ನಿಂತಿತ್ತು. ಅಂಗಡಿ ಮುಟ್ಟುವಾಗ ಶನಿವಾರ, ಐದನೆಯ ದಿನ. ಅವಳು ಲಾರಿಯ ಮೆಟ್ಟಿಲ ಮೇಲೆ ಕೂತಳು. ಬೆಳಗಿನ ಬಸ್ಸಿನ ಮೂರನೆಯ ಸಾಲಿನ ಕಿಟಕಿಬದಿಯ ಸೀಟು ಕಣ್ಣ ಮುಂದೆ ಬಂತು. ಅದರ ಹರಿದ ಹೊದಿಕೆ ಕೂಡ.

“ಹೇಗೂ ತೆರೆದಿದೀರಲ್ಲ, ಒಂದು ಕೊಡಿ,” ಎಂದ ಅಲೊಯ್ಜಿ. ವಾಸನೆಗೆ ಪಕ್ಕದ ಲಾರಿಗಳ ನಾಲ್ವರು ಚಾಲಕರೂ ಬಂದು ನಿಂತರು. ಅವಳು ಇದ್ದದ್ದನ್ನೆಲ್ಲ ತೆರೆದಿಟ್ಟಳು: ನಿನ್ನೆಯ ಸೀಸೆ, ಮೂರು ದಿನದ ಡಬ್ಬಿ, ಹತ್ತು ದಿನದ ಸೀಸೆ.

“ಇದು,” ಎಂದು ಒಬ್ಬ ಹತ್ತು ದಿನದ್ದನ್ನು ಎತ್ತಿ ಹಿಡಿದ. “ಇದು ಸೌತೆಕಾಯಿ. ಉಳಿದದ್ದೆಲ್ಲಾ ಹುಲ್ಲು.”

“ನಿನ್ನ ನಾಲಿಗೆ ಡೀಸೆಲ್ ಕುಡಿದು ಸತ್ತಿದೆ ಕಣೋ. ಮೂರು ದಿನದ್ದು ತಿನ್ನು.”

“ನಮ್ಮಮ್ಮ ನಿನ್ನೇದನ್ನೇ ಕೊಡ್ತಿದ್ಲು, ಜೇನು ಹಚ್ಚಿ,” ಎಂದು ಮೂರನೆಯವನು ಹೇಳಿದಾಗ ಉಳಿದವರೆಲ್ಲ ಅವನ ತಾಯಿಯ ಗೌರವಕ್ಕೆ ಧಕ್ಕೆಯಾಗದಂತೆ ಅವನನ್ನು ಗೇಲಿ ಮಾಡಿದರು.

ಲುತ್ಸಿನಾ ನೋಡುತ್ತಿದ್ದಳು. ಐದು ಜನ, ಮೂರು ಮತ. ಮೂರನೆಯ ದಿನವೇ ಸರಿಯಾದ ದಿನ ಎಂದು ಅವಳಿಗೆ ಹೇಳಿದವರು ಯಾರು? ಗುನ್ವೊರ್ ಬಂದಾಗ ಮೇಜಿನ ಮೇಲೆ ಮೂರನೆಯ ದಿನದ್ದಿತ್ತು, ಅಷ್ಟೇ. ಒಂದೇ ಸಲ ನೋಡಿದ್ದನ್ನು ಅವಳು ನಿಯಮವೆಂದು ತಿಳಿದಿದ್ದಳು. ತಂದೆ ಹುಣ್ಣಿಮೆಯನ್ನು ನಂಬಿದ್ದೂ ಹಾಗೆಯೇ ಇರಬೇಕು. ಕಾಲವನ್ನು ಡಬ್ಬಿಯೊಳಗೆ ತಡೆದು ನಿಲ್ಲಿಸುವ ಗೊಡವೆಯೇಕೆ? ಅದನ್ನು ಮುಚ್ಚಳದ ಮೇಲೆ ಬರೆದರೆ ಸಾಲದೆ?

ಬಂದರಿನ ಬಳಿಯ ಅಂಗಡಿಯಲ್ಲಿ ದುಂಡನೆಯ ಬಿಳಿ ಚೀಟಿಗಳೂ ಹಸಿರು ಬಣ್ಣದ ಪೆನ್ಸಿಲುಗಳೂ ಸಿಕ್ಕವು. ಒಂದು ಮುಚ್ಚಳಕ್ಕೆ ಹತ್ತು ವೃತ್ತ, ದಿನಕ್ಕೊಂದು, ಆಯಾ ದಿನದ ಕಾಯಿಯ ಬಣ್ಣದಲ್ಲಿ. ಮೊದಲನೆಯದು ಎಲೆಯ ಹಸಿರು, ಹತ್ತನೆಯದು ಬಾಡಿದ ಹಸಿರು. ಕೆಳಗೆ, ತುಂಬಿದ ದಿನಾಂಕ. ನಲವತ್ತೇಳು ಮುಚ್ಚಳ, ನಾನೂರ ಎಪ್ಪತ್ತು ವೃತ್ತ. ಒಬ್ಬಳಿಂದ ಆಗುವ ಕೆಲಸವಲ್ಲ.

ಆ ಮಧ್ಯಾಹ್ನ ಬಂದರಿನಲ್ಲಿ ಹಾದುಹೋದವರು ಅಪರೂಪದ ದೃಶ್ಯವೊಂದನ್ನು ಕಂಡರು. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಐವರು ಲಾರಿ ಚಾಲಕರು ತಲೆಕೆಳಗು ಮಾಡಿದ ಕ್ರೇಟುಗಳ ಮೇಲೆ ಕೂತು, ನಾಲಿಗೆಯ ತುದಿ ಹೊರಗಿಟ್ಟು, ವೃತ್ತಗಳಿಗೆ ಬಣ್ಣ ತುಂಬುತ್ತಿದ್ದರು.

“ಡೈರೆಕ್ಟರಮ್ಮಾ, ಇವನು ಗೆರೆ ದಾಟ್ತಾ ಇದಾನೆ!”

“ದಾಟಿದ್ರೆ ದಾಟ್ಲಿ ಬಿಡಿ.”

“ಹಾಗಂದ್ರೆ ಹೇಗೆ? ಪರದೇಶಕ್ಕೆ ಹೋಗೋ ಮಾಲು!” ಎಂದು ಅಲೊಯ್ಜಿ ಆ ಚೀಟಿಯನ್ನು ಕಿತ್ತು ಹೊಸದನ್ನು ಅಂಟಿಸಿದ.

ಶನಿವಾರ ಬೆಳಿಗ್ಗೆ ಸ್ಟಾಕ್‌ಹೋಮಿನ ಅಂಗಡಿಯಲ್ಲಿ ಗುನ್ವೊರ್ ಒಂದು ಡಬ್ಬಿ ತೆರೆದು ಕಾಯಿ ಕಚ್ಚಿದರು. ಗಲ್ಲಾದ ಮೇಜಿನ ಮೇಲೆ ಪಾನ್ ವಿತೊಲ್ದ್ ಅವರ ದನಿಯನ್ನು ಹೊತ್ತ ಫೋನು ಕೂತಿತ್ತು, ಅನುವಾದ ಅದರದು. ಗುನ್ವೊರ್ ಉದ್ದಕ್ಕೆ ಏನೋ ಹೇಳಿದರು.

“ಜುಲೈದಲ್ಲ ಅಂತಿದಾರೆ,” ಎಂದಿತು ಫೋನು.

“ಅಷ್ಟುದ್ದ ಹೇಳಿದ್ದಕ್ಕೆ ಇಷ್ಟೇನಾ?”

“ಉಳಿದದ್ದು ನಿಮಗೆ ಬೇಡ, ಪಾನಿ ಲುತ್ಸಿನಾ.”

ಲುತ್ಸಿನಾ ತಾನು ತಂದಿದ್ದ ಸೀಸೆಗಳನ್ನು ಹೊರತೆಗೆದಳು. ಬಂದರಿನಲ್ಲಿ ತುಂಬಿದ ಸೀಸೆ ಇವತ್ತಿಗೆ ಸರಿಯಾಗಿ ಮೂರನೆಯ ದಿನದ್ದು; ಅದನ್ನು ಎಡಕ್ಕಿಟ್ಟಳು. ನಡುವೆ ಐದನೆಯ ದಿನದ ಡಬ್ಬಿ. ಬಲಕ್ಕೆ ಹನ್ನೆರಡನೆಯ ದಿನದ ಸೀಸೆ. ಪಕ್ಕದಲ್ಲಿ ಮುಚ್ಚಳ, ಅದರ ಮೇಲಿನ ವೃತ್ತಗಳನ್ನು ಬೆರಳಿಂದ ಒಂದೊಂದಾಗಿ ಮುಟ್ಟಿ ತೋರಿಸಿದಳು. ಗುನ್ವೊರ್ ಎಡದ್ದನ್ನು ಕಚ್ಚಿದರು, ಹುಬ್ಬು ಮೇಲೇರಿತು. ನಡುವಿನದನ್ನು ಮತ್ತೆ ಕಚ್ಚಿದರು. ಬಲದ್ದನ್ನು ಕಚ್ಚಿ ಕಣ್ಣು ಮುಚ್ಚಿದರು. ಮತ್ತೆ ಎಡಕ್ಕೆ ಬಂದರು. ಆಮೇಲೆ ಮುಚ್ಚಳವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, ಮೆಲ್ಲಗೆ ಒಂದು ವಾಕ್ಯ ಹೇಳಿದರು.

“ಎಲ್ಲಾ ಒಂದೇ ಕಾಯಿ ಅಂತ ನಿಮ್ಮ ಪತ್ರದಲ್ಲಿ ಓದಿದ್ದೆ, ನಂಬಿರಲಿಲ್ಲ ಅಂತಿದಾರೆ,” ಎಂದಿತು ಫೋನು. “ಬೇರೆ ಮಾಲು ಅಂತ ಬರೆದಿದ್ದಕ್ಕೆ ನಿಮ್ಮ ತಂದೆಯವರ ಕ್ಷಮೆ ಕೇಳ್ತಿದಾರೆ. ಆದ್ರೆ ಈ ಬಲಗಡೇದು ಹಳೇ ಬೂಟಿನ ಥರ ಇದೆಯಂತೆ. ಇದನ್ನ ಯಾರೂ ಕೊಳ್ಳಲ್ಲವಂತೆ.”

ಅಷ್ಟರಲ್ಲಿ ಬ್ರೆಡ್ಡಿಗಾಗಿ ಬಂದ ಒಬ್ಬ ಮುದುಕರು ಮೇಜಿನ ಮೇಲಿನ ಸಾಲನ್ನು ಕಂಡು ನಿಂತರು. ಗುನ್ವೊರ್ ಮೂರನ್ನೂ ಮುಂದೆ ಸರಿಸಿದರು. ಮುದುಕರು ಎಡದ್ದಕ್ಕೆ ತಲೆಯಾಡಿಸಿದರು, ನಡುವಿನದಕ್ಕೂ ಆಡಿಸಿದರು. ಹಳೇ ಬೂಟನ್ನು ತಿಂದು, ಸೀಸೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹಣಕ್ಕಾಗಿ ಜೇಬು ತಡಕಿದರು. ಅದು ಮಾದರಿ, ಮಾರಲಿಕ್ಕಲ್ಲ ಎಂದು ತಿಳಿಸಲು ಗುನ್ವೊರ್ ಅವರಿಗೆ ಐದು ನಿಮಿಷ ಹಿಡಿಯಿತು. ಕೊನೆಗೆ ಮುದುಕರು ಒಂದು ಡಬ್ಬಿ ಕೊಂಡು, ಹತ್ತನೆಯ ವೃತ್ತದ ಮೇಲೆ ಬೆರಳಿಟ್ಟು, ಅಷ್ಟು ದಿನ ಕಾಯುವುದಾಗಿ ಲುತ್ಸಿನಾಗೆ ಸನ್ನೆಯಲ್ಲೇ ಹೇಳಿ ಹೋದರು.

ಮುದುಕರ ಹಿಂದೆ ಬಾಗಿಲು ಮುಚ್ಚಿಕೊಂಡದ್ದನ್ನು ನೋಡಿ ಗುನ್ವೊರ್ ಜುಲೈಯಿಂದ ಈಚೆಗೆ ಮೊದಲ ಸಲ ನಕ್ಕರು. ಪ್ರತಿ ಎರಡು ವಾರಕ್ಕೆ ನಲವತ್ತೆಂಟು ಡಬ್ಬಿ, ಮೂರು ಬೇರೆಬೇರೆ ದಿನ ತುಂಬಿದ್ದು, ಚಳಿಗಾಲದಲ್ಲಿ ನದಿಯ ಪೀಪಾಯಿಯಿಂದ ಬೇಕು ಎಂದರು. ಅಂಗಡಿಯ ಹೆಸರಿನ ಬೇರೆ ಚೀಟಿ ಬೇಡ; ಮುಚ್ಚಳ ಹೀಗೆಯೇ, ಗ್ರೊಮೆಕ್ ಎಂದೇ ಇರಲಿ. ಒಂದೇ ಷರತ್ತು: ಕೆಲವು ವೃತ್ತಗಳಲ್ಲಿ ಬಣ್ಣ ಗೆರೆ ದಾಟಿದೆ, ಅವನ್ನು ಮುಂದೆಯೂ ಹಾಗೆಯೇ ದಾಟಿಸಬೇಕು.

ಲುತ್ಸಿನಾ ಹಾಲು ಸಂಘಕ್ಕೆ ‘ಬರುವುದಿಲ್ಲ’ ಎಂಬ ಎರಡು ಸಾಲನ್ನು ಅಲ್ಲಿಯೇ ಗಲ್ಲಾದ ಮೇಜಿನ ಮೇಲೆ ಬರೆದು, ಮೂವತ್ತೊಂದಕ್ಕೆ ಇನ್ನೂ ಎಂಟು ದಿನ ಮುಂಚೆಯೇ ಅಂಚೆಗೆ ಹಾಕಲೆಂದು ಲಕೋಟೆಯನ್ನು ಅಂಟಿಸಿದಳು. ಫೋನನ್ನು ಜೇಬಿಗೆ ಹಾಕಿ ಹೊರಗೆ ಕಾಲಿಟ್ಟಳು. ಗುನ್ವೊರ್ ಬಾಗಿಲವರೆಗೆ ಬಂದು, ಒಳಗಿಂದಲೇ, ವ್ಯಾಪಾರ ಕುದುರಿದ್ದಕ್ಕೆ ಕೈ ಚಾಚಿದರು.

ಚಂದ್ರನನ್ನು ಮೂರು ಬೇಸಿಗೆ ಪರೀಕ್ಷಿಸಿ ಸೋಲಿಸಿದ ಆ ಹೆಂಗಸು ಕಾದ ಕಬ್ಬಿಣ ಕಂಡವಳಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಹೊಸಿಲು ದಾಟಿ ಮತ್ತೆ ಒಳಗೆ ಬಂದಳು. ಆಮೇಲೆ ಗುನ್ವೊರ್ ಅವರ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿದಳು. ಗುನ್ವೊರ್ ಗಂಭೀರವಾಗಿ ತಲೆಯಾಡಿಸಿದರು. ಆಕೆಗೆ ಜುಲೈ ನೆನಪಿತ್ತು.

ಸಂಜೆ ಹಡಗಿನಿಂದ ತಂದೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಕ್ಷಮೆಯ ಮಾತು ಬಂದಾಗ ತೆಯೊಫಿಲ್ ಅದನ್ನು ಎರಡು ಸಲ ಹೇಳಿಸಿಕೊಂಡ. ಹೊಸಿಲ ಮಾತು ಬಂದಾಗ ಮಾತ್ರ ಅವನ ದನಿಗೆ ಹರೆಯ ಬಂತು.

“ಏನಮ್ಮಾ ವಿಜ್ಞಾನಿ! ಚಂದ್ರನ್ನ ನಂಬಲ್ಲ, ಹೊಸಿಲನ್ನ ನಂಬ್ತೀಯಾ? ಅದನ್ನೂ ಮೂರು ಬೇಸಿಗೆ ಪರೀಕ್ಷೆ ಮಾಡಿ ಬರೆಯೋದಲ್ವಾ?”

“ಪೀಪಾಯಿ ಆದ್ರೆ ಹತ್ತಾರು ಇದ್ವು ಅಪ್ಪಾ, ಕೆಟ್ರೆ ಕೆಡ್ಲಿ ಅಂತ ಪರೀಕ್ಷೆ ಮಾಡ್ಬೋದಿತ್ತು,” ಎಂದಳು ಲುತ್ಸಿನಾ. “ಇರೋ ಒಬ್ಬಳೇ ಗಿರಾಕೀನ ಇಟ್ಕೊಂಡು ಪ್ರಯೋಗ ಮಾಡಕ್ಕಾಗತ್ತಾ?”